ಸ್ವಂತ ಸೆಸ್ನಾ 172ರ ವಾರ್ಷಿಕ ತಪಾಸಣೆ: ಮಾಲೀಕರು ಏನನ್ನು, ಯಾವ ಕ್ರಮದಲ್ಲಿ ಮಾಡಬೇಕು

ಅಮೆರಿಕದಲ್ಲಿ ನೆಲೆಸಿ, ಖಾಸಗಿ ಪೈಲಟ್ ಪರವಾನಗಿ ಪಡೆದು, ಒಬ್ಬರೇ ಅಥವಾ ಮೂರು ನಾಲ್ಕು ಮಂದಿ ಸೇರಿ ಹಳೆಯ ಸೆಸ್ನಾ ವಿಮಾನವೊಂದನ್ನು ಕೊಂಡಿರುವ ಕನ್ನಡಿಗ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬಳಿ ವಿಮಾನವನ್ನು ಬಿಟ್ಟು ಬಂದರೆ ಸಾಲದೇ, ಉಳಿದದ್ದನ್ನು ಅವರೇ ನೋಡಿಕೊಳ್ಳುವುದಿಲ್ಲವೇ? ಸಾಲದು. ಅಮೆರಿಕದ ವಾಯುಯಾನ ಆಡಳಿತವಾದ ಎಫ್‌ಎಎಯ 91.403ನೇ ನಿಯಮದ ಪ್ರಕಾರ ವಿಮಾನವನ್ನು ಹಾರಾಟಕ್ಕೆ ಯೋಗ್ಯ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ಮೊದಲ ಹೊಣೆ ಮಾಲೀಕರದು, ಅಥವಾ ಅದನ್ನು ನಡೆಸುವವರದು. ಮೆಕ್ಯಾನಿಕ್ ತಾನು ಮಾಡಿದ ಕೆಲಸಕ್ಕೆ ಮತ್ತು ತಾನು ಹಾಕಿದ ಸಹಿಗೆ ಉತ್ತರ ಕೊಡುತ್ತಾರೆ. ತಪಾಸಣೆ ಸಕಾಲದಲ್ಲಿ ನಡೆಯಿತೇ, ಕಡ್ಡಾಯ ಆದೇಶಗಳು ಪಾಲನೆಯಾಗಿವೆಯೇ, ದಾಖಲೆ ಸರಿಯಾಗಿದೆಯೇ ಎಂಬುದಕ್ಕೆ ಉತ್ತರ ಕೊಡಬೇಕಾದವರು ನೀವು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಲೈಕಮಿಂಗ್ ಓ-320 ಎಂಜಿನ್ ಇರುವ ಸೆಸ್ನಾ 172. 1956ರಲ್ಲಿ ಮಾರುಕಟ್ಟೆಗೆ ಬಂದ 172ರ ಆರಂಭದ ವಿಮಾನಗಳಲ್ಲಿ ಕಾಂಟಿನೆಂಟಲ್ ಎಂಜಿನ್ ಇತ್ತು. 1968ರ ಮಾದರಿಯಿಂದ ಲೈಕಮಿಂಗ್ ಬಂತು. 1986ರಲ್ಲಿ ತಯಾರಿಕೆ ನಿಂತು ಹತ್ತು ವರ್ಷಗಳ ನಂತರ ಮತ್ತೆ ಆರಂಭವಾದ ಕಾರಣ, ಕೈಗೆಟುಕುವ ಬೆಲೆಗೆ ಸಿಗುವ 172ಗಳಲ್ಲಿ ಹೆಚ್ಚಿನವು ನಾಲ್ಕು ದಶಕ ದಾಟಿದವು. ಭಾರತದಲ್ಲಿ ವಿಟಿ ಅಕ್ಷರಗಳಿಂದ ನೋಂದಾಯಿತವಾದ ವಿಮಾನಗಳಿಗೆ ಈ ಕ್ರಮ ಹೊಂದುವುದಿಲ್ಲ. ಅಲ್ಲಿ ವಾಯುಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮಗಳು, ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರುಗಳು ಮತ್ತು ಹಾರಾಟ ಯೋಗ್ಯತೆಯ ಮರುಪರಿಶೀಲನಾ ಪ್ರಮಾಣಪತ್ರ ಇವುಗಳ ವ್ಯವಸ್ಥೆಯೇ ಬೇರೆ.

ಮೊದಲು ಕೆಲವು ಪದಗಳು

ಬಾಯಿಮಾತಿನಲ್ಲಿ ಎಲ್ಲರೂ "ಆನ್ಯುಯಲ್" ಎನ್ನುವ ವಾರ್ಷಿಕ ತಪಾಸಣೆ ಖಾಸಗಿ ಬಳಕೆಯ ಸಣ್ಣ ವಿಮಾನಕ್ಕೆ ಹನ್ನೆರಡು ಕ್ಯಾಲೆಂಡರ್ ತಿಂಗಳಿಗೊಮ್ಮೆ ಕಡ್ಡಾಯ. ಬಾಡಿಗೆಗೆ ಜನರನ್ನು ಒಯ್ಯುವ ವಿಮಾನಕ್ಕೆ, ಹಾಗೆಯೇ ಬೋಧಕರೇ ಒದಗಿಸಿ ಹಣ ಪಡೆದು ಕಲಿಸುವ ವಿಮಾನಕ್ಕೆ ಇದರ ಜೊತೆಗೆ ನೂರು ಗಂಟೆಯ ತಪಾಸಣೆಯೂ ಬೇಕು. ನಿಮ್ಮ ಸ್ವಂತ ವಿಮಾನದಲ್ಲಿ ನೀವೇ ಬೋಧಕರನ್ನು ಕರೆದು ಕಲಿತರೆ ಅದು ಬೇಕಿಲ್ಲ. ವಿಮಾನದ ದೇಹ ಮತ್ತು ಎಂಜಿನ್ ಎರಡರ ಮೇಲೂ ಕೆಲಸ ಮಾಡುವ ಪ್ರಮಾಣಪತ್ರ ಇರುವವರು "ಎ ಅಂಡ್ ಪಿ" ಮೆಕ್ಯಾನಿಕ್. ಅವರಲ್ಲಿ ತಪಾಸಣೆಯ ಹೆಚ್ಚುವರಿ ಅಧಿಕಾರ ಪಡೆದವರು "ಐಎ". ನೂರು ಗಂಟೆಯ ತಪಾಸಣೆಗೆ ಎ ಅಂಡ್ ಪಿ ಸಹಿ ಸಾಕು. ಆನ್ಯುಯಲ್‌ಗೆ ಸಾಮಾನ್ಯವಾಗಿ ಐಎಯ ಸಹಿಯೇ ಬೇಕು. ಒಂದು ಮಾದರಿಯ ವಿಮಾನದಲ್ಲಿ ಅಪಾಯಕಾರಿ ದೋಷ ಕಂಡುಬಂದಾಗ ಎಫ್‌ಎಎ ಹೊರಡಿಸುವ ಕಡ್ಡಾಯ ಆದೇಶಕ್ಕೆ "ಎಡಿ" ಎನ್ನುತ್ತಾರೆ. ತಯಾರಕ ಕಂಪನಿ ಕೊಡುವ ಸೂಚನೆ ಸರ್ವಿಸ್ ಬುಲೆಟಿನ್. ಅದರ ಮೇಲೆ "ಮ್ಯಾಂಡೇಟರಿ" ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದರೂ, ಎಡಿಯೊಂದು ಅದನ್ನು ಉಲ್ಲೇಖಿಸದ ಹೊರತು ಖಾಸಗಿ ಮಾಲೀಕರಿಗೆ ಅದು ಕಾನೂನಿನ ಕಡ್ಡಾಯವಲ್ಲ. ಆದರೂ ಓದದೆ ಬದಿಗಿಡಬೇಡಿ.

1. ದಾಖಲೆಗಳನ್ನು ಒಂದೆಡೆ ಸೇರಿಸಿ

ತಪಾಸಣೆಯ ತಿಂಗಳು ಬರುವುದಕ್ಕೆ ಎರಡು ತಿಂಗಳು ಮುಂಚೆಯೇ ಈ ಕೆಲಸ ಶುರು ಮಾಡಿ. ವಿಮಾನದ ದೇಹ, ಎಂಜಿನ್ ಮತ್ತು ಪ್ರೊಪೆಲ್ಲರ್‌ನ ಲಾಗ್‌ಬುಕ್‌ಗಳು, ದೊಡ್ಡ ದುರಸ್ತಿ ಅಥವಾ ಮಾರ್ಪಾಡಿಗೆ ತುಂಬುವ 337ನೇ ನಮೂನೆಗಳು, ಇತ್ತೀಚಿನ ತೂಕ ಮತ್ತು ಸಮತೋಲನದ ಲೆಕ್ಕ, ಉಪಕರಣಗಳ ಪಟ್ಟಿ ಇವೆಲ್ಲವೂ ಬೇಕು. ವಿಮಾನದೊಳಗೇ ಇರಬೇಕಾದ ಹಾರಾಟ ಯೋಗ್ಯತೆಯ ಪ್ರಮಾಣಪತ್ರ, ನೋಂದಣಿ ಪತ್ರ ಮತ್ತು ಹಾರಾಟದ ಕೈಪಿಡಿಯನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ನೋಂದಣಿಯ ಅವಧಿ ಈಗ ಏಳು ವರ್ಷ. ಅಷ್ಟು ದೀರ್ಘವಾದ್ದರಿಂದಲೇ ಅದು ಮುಗಿದದ್ದು ಗಮನಕ್ಕೆ ಬಾರದೆ ಹೋಗುತ್ತದೆ.

ಲಾಗ್‌ಬುಕ್‌ನ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಂಡ ಮೇಲೆಯೇ ಮೂಲ ಪ್ರತಿಯನ್ನು ಬೇರೆಯವರ ಕೈಗೆ ಕೊಡಿ. ಮೂಲ ಪ್ರತಿಗಳನ್ನು ವಿಮಾನದ ಹಿಂಬದಿಯ ಸೀಟಿನಲ್ಲಿ ಬಿಟ್ಟಿರುವುದು ಬಹಳ ಸಾಮಾನ್ಯವಾದ ಅಭ್ಯಾಸ, ಬಹಳ ಕೆಟ್ಟ ಅಭ್ಯಾಸವೂ ಹೌದು. ಲಾಗ್‌ಬುಕ್ ಕಳೆದರೆ ಎಡಿಗಳ ಪಾಲನೆಯನ್ನು ತೋರಿಸುವ ದಾರಿಯೇ ಇಲ್ಲವಾಗಿ, ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮಾಡಿಸಬೇಕಾಗುತ್ತದೆ. ಮಾರುವಾಗ ವಿಮಾನದ ಬೆಲೆಯೂ ಬೀಳುತ್ತದೆ.

2. ಎಡಿಗಳ ಪಟ್ಟಿಯನ್ನು ನೀವೇ ತಯಾರಿಸಿ

ಎಫ್‌ಎಎಯ ಡೈನಾಮಿಕ್ ರೆಗ್ಯುಲೇಟರಿ ಸಿಸ್ಟಮ್ ಎಂಬ ಜಾಲತಾಣದಲ್ಲಿ ಎಡಿಗಳನ್ನು ಉಚಿತವಾಗಿ ಹುಡುಕಬಹುದು. ವಿಮಾನದ ಮಾದರಿಗೆ ಒಮ್ಮೆ, ಎಂಜಿನ್‌ಗೆ ಒಮ್ಮೆ, ಪ್ರೊಪೆಲ್ಲರ್‌ಗೆ ಒಮ್ಮೆ, ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಒದಗಿಸುವ ಮ್ಯಾಗ್ನೆಟೊ, ಕಾರ್ಬ್ಯುರೇಟರ್‌ನಂಥ ಬಿಡಿ ಉಪಕರಣಗಳಿಗೆ ಒಮ್ಮೆ, ಹೀಗೆ ಪ್ರತ್ಯೇಕವಾಗಿ ಹುಡುಕಬೇಕು. ಹೊಸ ಮಾಲೀಕರು ತಪ್ಪುವುದು ಈ ಕೊನೆಯದರಲ್ಲಿ, ಏಕೆಂದರೆ ಬಿಡಿ ಉಪಕರಣದ ಎಡಿ ಸೆಸ್ನಾ ಎಂಬ ಹೆಸರಿನಡಿ ಸಿಗುವುದಿಲ್ಲ. ಪ್ರತಿ ಎಡಿಯ ಮುಂದೆ ಅದು ನಿಮ್ಮ ಕ್ರಮಸಂಖ್ಯೆಯ ವಿಮಾನಕ್ಕೆ ಅನ್ವಯಿಸುತ್ತದೆಯೇ, ಒಮ್ಮೆ ಮಾಡಿದರೆ ಮುಗಿಯುವಂಥದೇ ಅಥವಾ ಮರುಕಳಿಸುವಂಥದೇ, ಯಾವ ದಿನಾಂಕದಂದು, ಎಷ್ಟು ಗಂಟೆಯ ಹಾರಾಟದ ಹೊತ್ತಿಗೆ, ಯಾವ ವಿಧಾನದಲ್ಲಿ ಪಾಲನೆಯಾಗಿದೆ ಎಂದು ಬರೆಯಿರಿ.

172ಕ್ಕೆ ಮರುಕಳಿಸುವ ಎಡಿಗಳಲ್ಲಿ ಮುಖ್ಯವಾದದ್ದು ಸೀಟಿನ ಹಳಿಗಳದು, ಅದರ ಸಂಖ್ಯೆ 2011-10-09. ಸೀಟನ್ನು ಹಿಡಿದಿಡುವ ಪಿನ್ನು ಕೂರುವ ರಂಧ್ರ ಸವೆದಿದ್ದರೆ, ಮೇಲೇರುವ ಹೊತ್ತಿನಲ್ಲಿ ಸೀಟು ಇದ್ದಕ್ಕಿದ್ದಂತೆ ಹಿಂದಕ್ಕೆ ಜಾರುತ್ತದೆ. ಆಧಾರಕ್ಕೆಂದು ಪೈಲಟ್ ಹಿಡಿದ ನಿಯಂತ್ರಣ ಚಕ್ರವೂ ಅವರೊಡನೆ ಹಿಂದಕ್ಕೆ ಬಂದು ವಿಮಾನದ ಮೂತಿ ಮೇಲೇಳುತ್ತದೆ. ನೆಲದಲ್ಲಿ ಅತಿ ಸಣ್ಣದೆಂದು ಕಾಣುವ ಈ ದೋಷದಿಂದ ಜೀವಗಳು ಹೋಗಿವೆ.

ಐಎ ಈ ಪಟ್ಟಿಯನ್ನು ತಾವೂ ಸ್ವತಂತ್ರವಾಗಿ ಪರಿಶೀಲಿಸುತ್ತಾರೆ. ಹಾಗಿದ್ದೂ ನಿಮ್ಮ ಪಟ್ಟಿ ಕೈಯಲ್ಲಿದ್ದರೆ ಅವರ ಗಂಟೆಗಳು ಉಳಿಯುತ್ತವೆ, ಅಂದರೆ ನಿಮ್ಮ ಹಣ ಉಳಿಯುತ್ತದೆ.

3. ಐಎಯನ್ನು ಗೊತ್ತುಮಾಡಿ, ಒಪ್ಪಂದವನ್ನು ಬರವಣಿಗೆಯಲ್ಲಿ ಇಡಿ

ಅವಧಿಯ ಲೆಕ್ಕವನ್ನು ಮೊದಲು ತಿಳಿಯಿರಿ. ಹಿಂದಿನ ತಪಾಸಣೆ ಮಾರ್ಚ್ 5ರಂದು ಮುಗಿದಿದ್ದರೆ ಅದು ಮುಂದಿನ ವರ್ಷದ ಮಾರ್ಚ್ 31ರವರೆಗೆ ಸಲ್ಲುತ್ತದೆ. ಏಪ್ರಿಲ್ 1ರಂದು ವಿಮಾನ ನೆಲಕ್ಕೆ ಕಟ್ಟಿದಂತೆ. ಆಮೇಲೆ ಅದನ್ನು ಬೇರೆ ನಿಲ್ದಾಣದ ಹ್ಯಾಂಗರಿಗೆ ಹಾರಿಸಿಕೊಂಡು ಹೋಗಬೇಕಾದರೆ "ಫೆರಿ ಪರ್ಮಿಟ್" ಎಂದು ಕರೆಯುವ ವಿಶೇಷ ಹಾರಾಟದ ಅನುಮತಿಯನ್ನು ಎಫ್‌ಎಎಯಿಂದ ಪಡೆಯಬೇಕು. ನೂರು ಗಂಟೆಯ ತಪಾಸಣೆಗೆ, ತಪಾಸಣೆಯ ಸ್ಥಳ ತಲುಪಲೆಂದು ಮಾತ್ರ, ಹತ್ತು ಗಂಟೆಯ ವಿನಾಯಿತಿ ಇದೆ. ಆನ್ಯುಯಲ್‌ಗೆ ಅಂಥದ್ದೇನೂ ಇಲ್ಲ.

ಐಎಯೊಂದಿಗೆ ಮಾತನಾಡುವಾಗ ಗಟ್ಟಿಯಾಗಿ ಹಿಡಿಯಬೇಕಾದ ಅಂಶ ಒಂದಿದೆ: ತಪಾಸಣೆ ಬೇರೆ, ದುರಸ್ತಿ ಬೇರೆ. ತಪಾಸಣೆ ಎಂದರೆ ನೋಡುವುದು ಮತ್ತು ಪಟ್ಟಿ ಮಾಡುವುದು. ಕಂಡದ್ದನ್ನೆಲ್ಲ ಸರಿಪಡಿಸುವುದಕ್ಕೆ ನಿಮ್ಮ ಪ್ರತ್ಯೇಕ ಒಪ್ಪಿಗೆ ಬೇಕು. ಎರಡನ್ನೂ ಬೆರೆಸಿದಾಗಲೇ ಬಿಲ್ಲು ಕೈಮೀರುವುದು. ಆದ್ದರಿಂದ ತಪಾಸಣೆಗೆ ನಿಗದಿತ ಶುಲ್ಕ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂಬುದನ್ನೂ, ದೋಷಗಳ ಪಟ್ಟಿ ಪೂರ್ಣವಾಗಿ ನಿಮ್ಮ ಕೈಸೇರಿ ನೀವು ಬರೆದು ಒಪ್ಪುವ ತನಕ ದುರಸ್ತಿ ಶುರುವಾಗಬಾರದೆಂಬುದನ್ನೂ ಇಮೇಲಿನಲ್ಲಿ ಖಚಿತಪಡಿಸಿಕೊಳ್ಳಿ. ಒಳ್ಳೆಯ ಮೆಕ್ಯಾನಿಕ್‌ಗಳು ಇದಕ್ಕೆ ಬೇಸರಿಸುವುದಿಲ್ಲ. ಬೇಸರಿಸಿದರೆ ಬೇರೆಯವರನ್ನು ಹುಡುಕಲು ಅದೇ ಸಾಕಷ್ಟು ಕಾರಣ. ನೀವೂ ಜೊತೆಗಿದ್ದು ಫಲಕ ಬಿಚ್ಚುವ, ಒರೆಸುವ, ಗ್ರೀಸ್ ಹಾಕುವ ಕೆಲಸಕ್ಕೆ ಕೈಜೋಡಿಸಬಹುದೇ ಎಂದೂ ಕೇಳಿ. ಒಪ್ಪಿದರೆ ಖರ್ಚು ಇಳಿಯುವುದಷ್ಟೇ ಅಲ್ಲ, ನಿಮ್ಮ ವಿಮಾನದ ಒಳಗನ್ನು ಕಾಣುವ ಅವಕಾಶ ಇದಕ್ಕಿಂತ ಚೆನ್ನಾಗಿ ಸಿಗುವುದಿಲ್ಲ.

4. ನಿಮಗೆ ಅನುಮತಿ ಇರುವ ಕೆಲಸಗಳನ್ನು ಮುಗಿಸಿಕೊಳ್ಳಿ

ಖಾಸಗಿ ಪೈಲಟ್ ಅಥವಾ ಅದಕ್ಕೂ ಮೇಲಿನ ಪ್ರಮಾಣಪತ್ರ ಇರುವ ಮಾಲೀಕರು ಕೆಲವು ಕೆಲಸಗಳನ್ನು ಮೆಕ್ಯಾನಿಕ್‌ನ ಸಹಿ ಇಲ್ಲದೆ ತಾವೇ ಮಾಡಬಹುದು. ಇವನ್ನು "ಪ್ರಿವೆಂಟಿವ್ ಮೇಂಟೆನೆನ್ಸ್", ಅಂದರೆ ಮುಂಜಾಗ್ರತೆಯ ನಿರ್ವಹಣೆ ಎನ್ನುತ್ತಾರೆ. ಇವುಗಳ ಪಟ್ಟಿ ಎಫ್‌ಎಎ ನಿಯಮಗಳ 43ನೇ ಭಾಗದ ಅನುಬಂಧ ಎಯಲ್ಲಿದೆ. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ತೆಗೆದು ಶುಚಿ ಮಾಡಿ ಅಂತರ ಸರಿಪಡಿಸುವುದು, ಟೈರ್ ಬದಲಿಸುವುದು, ಚಕ್ರದ ಬೇರಿಂಗ್‌ಗಳಿಗೆ ಗ್ರೀಸ್ ಹಾಕುವುದು, ಬ್ಯಾಟರಿ ಬದಲಿಸುವುದು, ಲ್ಯಾಂಡಿಂಗ್ ಗೇರಿನ ಸ್ಟ್ರಟ್‌ಗೆ ಗಾಳಿ ಅಥವಾ ಎಣ್ಣೆ ತುಂಬುವುದು ಅದರಲ್ಲಿ ಸೇರಿವೆ. ಪಟ್ಟಿಯಲ್ಲಿ ಇಲ್ಲದ್ದು ಎಷ್ಟೇ ಸುಲಭವೆಂದು ತೋರಿದರೂ ನಿಮ್ಮದಲ್ಲ.

ಆಯಿಲ್ ಬಗ್ಗೆ ಲೈಕಮಿಂಗ್‌ನ ಸಲಹೆ ಸ್ಪಷ್ಟವಾಗಿದೆ: ಪೂರ್ಣ ಹರಿವಿನ ಫಿಲ್ಟರ್ ಇದ್ದರೆ 50 ಗಂಟೆಗೆ, ಬರೀ ಜಾಲರಿ ಇದ್ದರೆ 25 ಗಂಟೆಗೆ, ಯಾವುದೇ ಇದ್ದರೂ ನಾಲ್ಕು ತಿಂಗಳಿಗೊಮ್ಮೆ, ಇವುಗಳಲ್ಲಿ ಮೊದಲು ಬಂದದ್ದಕ್ಕೆ ಬದಲಿಸಬೇಕು. ಈ ನಾಲ್ಕು ತಿಂಗಳ ಮಾತನ್ನು ಕಡಿಮೆ ಹಾರುವವರು ಕಡೆಗಣಿಸುತ್ತಾರೆ. ಈ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ ವಾರಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ಹೆಚ್ಚು ಹಾರಿದ ಎಂಜಿನ್‌ಗಿಂತ ಹ್ಯಾಂಗರಿನಲ್ಲಿ ನಿಂತ ಎಂಜಿನ್ ಬೇಗ ಹಾಳಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ಎಚ್ಚರಿಕೆಗಳು. ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಮಡಿಕೆಯ ಕಾಗದವನ್ನು ಬೆಳಕಿನಲ್ಲಿ ಹರಡಿ ಲೋಹದ ಚೂರುಗಳಿವೆಯೇ ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರುಗಳು ಉಕ್ಕಿನವು, ಅವು ಕಂಡರೆ ಹಾರಾಟ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಸ್ಪಾರ್ಕ್ ಪ್ಲಗ್ ಕೈಜಾರಿ ನೆಲಕ್ಕೆ ಬಿದ್ದರೆ ಅದು ಚೆನ್ನಾಗಿಯೇ ಕಂಡರೂ ಬಿಸಾಡಿ, ಒಳಗಿನ ಪಿಂಗಾಣಿ ಬಿರುಕು ಬಿಟ್ಟಿರಬಹುದು. ಪ್ಲಗ್ ಮರಳಿ ಹಾಕುವಾಗ ಹೊಸ ಗ್ಯಾಸ್ಕೆಟ್ ಬಳಸಿ, ಅಳತೆಯ ಟಾರ್ಕ್ ರೆಂಚಿನಿಂದ ಲೈಕಮಿಂಗ್ ಹೇಳಿರುವ 420 ಇಂಚು-ಪೌಂಡಿಗೆ ಬಿಗಿ ಮಾಡಿ. ಫಿಲ್ಟರ್‌ಗೆ ಸೇಫ್ಟಿ ವೈರ್ ಕಟ್ಟದೆ ಎಂಜಿನ್‌ನ ಹೊರಕವಚವಾದ ಕೌಲಿಂಗ್ ಮುಚ್ಚಬೇಡಿ. ಸೇಫ್ಟಿ ವೈರ್ ಎಂದರೆ ಕಂಪನಕ್ಕೆ ಭಾಗ ಸಡಿಲವಾಗದಂತೆ ಬಿಗಿಯುವ ದಿಕ್ಕಿಗೆ ಎಳೆದು ಕಟ್ಟುವ ತಂತಿ. ಇದನ್ನು ತಿರುವುಮುರುವಾಗಿ ಕಟ್ಟುವುದು ಹೊಸಬರ ಖಾಯಂ ತಪ್ಪು.

ಮುಗಿದ ಮೇಲೆ ಲಾಗ್‌ಬುಕ್‌ನಲ್ಲಿ ಕೆಲಸದ ವಿವರಣೆ, ಮುಗಿದ ದಿನಾಂಕ, ನಿಮ್ಮ ಸಹಿ, ಪ್ರಮಾಣಪತ್ರದ ಸಂಖ್ಯೆ ಮತ್ತು ಬಗೆ ಇಷ್ಟನ್ನೂ ಬರೆಯಲೇಬೇಕು. ಬರೆಯದ ಕೆಲಸ ಕಾನೂನಿನ ದೃಷ್ಟಿಯಲ್ಲಿ ಅಪೂರ್ಣ.

5. ತಪಾಸಣೆಯ ಹೊತ್ತಿನಲ್ಲಿ ಏನನ್ನು ಗಮನಿಸಬೇಕು

ತಪಾಸಣೆಗೆ ಮುನ್ನ ಫಲಕಗಳನ್ನೂ ಕೌಲಿಂಗನ್ನೂ ತೆರೆದು, ವಿಮಾನ ಮತ್ತು ಎಂಜಿನ್ ಎರಡನ್ನೂ ಚೆನ್ನಾಗಿ ತೊಳೆಯಬೇಕೆಂದು ನಿಯಮವೇ ಹೇಳುತ್ತದೆ. ಬಿಚ್ಚಿದ ಕೂಡಲೇ ತೊಳೆಯುವ ಮುನ್ನ ಒಂದು ಸಲ ಸುಮ್ಮನೆ ನೋಡಿ. ಆಯಿಲ್ ಎಲ್ಲಿಂದ ಒಸರಿದೆ, ನೀಲಿ ಬಣ್ಣದ ಪೆಟ್ರೋಲಿನ ಕಲೆ ಎಲ್ಲಿದೆ ಎಂಬುದು ತೊಳೆದ ಮೇಲೆ ತಿಳಿಯುವುದಿಲ್ಲ. ವಿಮಾನಕ್ಕೆ ಹಾಕುವ 100ಎಲ್‌ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಹಾಗಾಗಿ ಒಣಗಿದರೂ ಕಲೆ ಉಳಿಯುತ್ತದೆ.

ಎಂಜಿನ್‌ನ ಮುಖ್ಯ ಪರೀಕ್ಷೆ ಕಂಪ್ರೆಶನ್‌ನದು. ಪ್ರತಿ ಸಿಲಿಂಡರಿಗೂ 80 ಪಿಎಸ್‌ಐ ಒತ್ತಡದ ಗಾಳಿ ಬಿಟ್ಟು, ಎಷ್ಟು ಉಳಿಯಿತೆಂದು ಅಳೆಯುತ್ತಾರೆ. ಫಲಿತಾಂಶವನ್ನು 76/80, 72/80 ಎಂದು ಬರೆಯುತ್ತಾರೆ. ಲೈಕಮಿಂಗ್ ಎಂಜಿನ್‌ನಲ್ಲಿ 60ಕ್ಕಿಂತ ಕೆಳಗಿಳಿದರೆ ಅಥವಾ ಸಿಲಿಂಡರುಗಳ ನಡುವೆ 10ರಿಂದ 15ರಷ್ಟು ಅಂತರವಿದ್ದರೆ ಕಾರಣ ಹುಡುಕಬೇಕು. ಸಂಖ್ಯೆಗಿಂತಲೂ ಗಾಳಿ ಎಲ್ಲಿಂದ ಸೋರುತ್ತಿದೆ ಎಂಬ ಸದ್ದು ಹೆಚ್ಚು ಹೇಳುತ್ತದೆ, ಆದ್ದರಿಂದ ಅದನ್ನು ಕೇಳಿಸಿಕೊಳ್ಳಿ. ಎಕ್ಸಾಸ್ಟ್ ಕೊಳವೆಯಲ್ಲಿ ಸುಂಯ್ಗುಟ್ಟಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್. ಒಂದು ಸಲದ ಅಳತೆಯನ್ನು, ಅದರಲ್ಲೂ ತಣ್ಣಗಿದ್ದ ಎಂಜಿನ್‌ನ ಅಳತೆಯನ್ನು ನಂಬಿ ಸಿಲಿಂಡರ್ ಬಿಚ್ಚಲು ಒಪ್ಪಬೇಡಿ. ಎಂಜಿನ್ ಬಿಸಿ ಮಾಡಿ ಮತ್ತೆ ಅಳೆಯಲು ಹೇಳಿ, ಸಿಲಿಂಡರಿನೊಳಗೆ ಇಳಿಸುವ ಸಣ್ಣ ಕ್ಯಾಮರಾವಾದ ಬೋರ್‌ಸ್ಕೋಪಿನಿಂದ ವಾಲ್ವ್‌ನ ಚಿತ್ರ ತೆಗೆಸಿ. ಎಕ್ಸಾಸ್ಟ್ ವಾಲ್ವ್‌ನ ಮುಖದಲ್ಲಿ ಬಣ್ಣದ ವೃತ್ತಗಳು ಸುತ್ತಲೂ ಸಮವಾಗಿದ್ದರೆ ಆತಂಕವಿಲ್ಲ. ಒಂದು ಅಂಚು ಮಾತ್ರ ಸುಟ್ಟಂತೆ ಕಂಡರೆ ವಾಲ್ವ್ ಹೋಗುವ ಹಾದಿಯಲ್ಲಿದೆ.

ಈ ಪರೀಕ್ಷೆಯ ವೇಳೆ ಗಾಳಿಯ ಒತ್ತಡಕ್ಕೆ ಪ್ರೊಪೆಲ್ಲರ್ ಜೋರಾಗಿ ತಿರುಗಬಲ್ಲದು. ಅದರ ಸುತ್ತಳತೆಯೊಳಗೆ ತಲೆ, ಕೈ ಇಡಬೇಡಿ. ಕೀಲಿ ತೆಗೆದಿದ್ದರೂ ಮ್ಯಾಗ್ನೆಟೊದ ನೆಲತಂತಿ ತುಂಡಾಗಿದ್ದರೆ ಕಿಡಿ ಹಾರಿ ಎಂಜಿನ್ ಇದ್ದಕ್ಕಿದ್ದಂತೆ ಚಾಲೂ ಆಗಬಹುದು, ಆದ್ದರಿಂದ ಪ್ರೊಪೆಲ್ಲರನ್ನು ಯಾವಾಗಲೂ ಸಜೀವವೆಂದೇ ತಿಳಿಯಿರಿ.

ಎಕ್ಸಾಸ್ಟ್ ಮಫ್ಲರಿಗೆ ನಾನು ಮಿಕ್ಕೆಲ್ಲದಕ್ಕಿಂತ ಹೆಚ್ಚು ಗಮನ ಕೊಡಲು ಹೇಳುತ್ತೇನೆ. 172ರಲ್ಲಿ ಕ್ಯಾಬಿನ್ನಿನ ಬೆಚ್ಚನೆಯ ಗಾಳಿ ಬರುವುದು ಮಫ್ಲರ್ ಸುತ್ತಲಿನ ತಗಡಿನ ಹೊದಿಕೆಯೊಳಗಿಂದ. ಮಫ್ಲರ್ ಬಿರುಕು ಬಿಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನೇರವಾಗಿ ನಿಮ್ಮ ಬಳಿಗೆ ಬರುತ್ತದೆ. ಹೊದಿಕೆ ಬಿಚ್ಚದೆ ಮೇಲಿಂದ ಟಾರ್ಚ್ ಹಿಡಿದು ನೋಡಿ "ಸರಿಯಿದೆ" ಎನ್ನುವುದು ತಪಾಸಣೆಯಲ್ಲ. ಹೊದಿಕೆ ತೆಗೆಸಿ, ಕೊಳವೆಯೊಳಗೆ ಗಾಳಿಯೂದಿ, ಹೊರಗೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡಲು ಕೇಳಿ. ಬ್ಯಾಟರಿಯಿಂದ ನಡೆದು ಸದ್ದು ಮಾಡಿ ಎಚ್ಚರಿಸುವ ಮಾನಾಕ್ಸೈಡ್ ಶೋಧಕವೊಂದನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಿ. ಬಣ್ಣ ಬದಲಿಸುವ ಅಂಟುಬಿಲ್ಲೆಯನ್ನು ಹಾರುವಾಗ ಯಾರೂ ನೋಡುತ್ತಿರುವುದಿಲ್ಲ.

ದೇಹದ ಭಾಗದಲ್ಲಿ ಉಕ್ಕಿನ ನಿಯಂತ್ರಣ ಕೇಬಲ್‌ಗಳು ರಾಟೆಯ ಮೇಲೆ ಹಾಯುವ ಜಾಗಗಳು ಮುಖ್ಯ. ಹತ್ತಿ ಬಟ್ಟೆಯಿಂದ ಕೇಬಲನ್ನು ಉದ್ದಕ್ಕೂ ಒರೆಸಿದರೆ ಕಡಿದ ಎಳೆಗೆ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಿಂದ ಸವರಿದರೆ ಬೆರಳು ಕುಯ್ಯುತ್ತದೆ. ಮೂತಿಯ ಚಕ್ರ ನೆಲಕ್ಕೆ ಬಡಿದು ಇಳಿದ ಚರಿತ್ರೆ ಇರುವ ವಿಮಾನದಲ್ಲಿ ಎಂಜಿನ್ ಹಿಂದಿನ ಫೈರ್‌ವಾಲ್ ತಗಡಿನ ಕೆಳಭಾಗ ಸುಕ್ಕುಗಟ್ಟಿದೆಯೇ ನೋಡಿ. ರೆಕ್ಕೆ ಮತ್ತು ಬಾಲದೊಳಗೆ ಬಿಳಿಯ ಪುಡಿ ಕಂಡರೆ ಅದು ಅಲ್ಯುಮಿನಿಯಂ ತುಕ್ಕು, ಕಡಲತೀರದ ನಿಲ್ದಾಣಗಳಲ್ಲಿ ಅದು ಸಾಮಾನ್ಯ. ಇಲಿಗೂಡು ಸಿಕ್ಕಿದರೆ ಗೂಡು ತೆಗೆದು ಸುಮ್ಮನಾಗಬೇಡಿ, ಇಲಿಯ ಮೂತ್ರ ಲೋಹವನ್ನು ತಿನ್ನುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರ್ ಸೀಳಿದ್ದರೆ ಮಳೆನೀರು ಟ್ಯಾಂಕಿಗೆ ಇಳಿಯುತ್ತದೆ. ಟ್ಯಾಂಕಿನ ಗಾಳಿಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದರೆ ಇಂಧನದ ಹರಿವೇ ನಿಲ್ಲಬಹುದು.

6. ದೋಷಗಳ ಪಟ್ಟಿಯನ್ನು ವಿಂಗಡಿಸಿ

ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ವಿಮಾನವನ್ನು ಹಾರಾಟಕ್ಕೆ ಅಯೋಗ್ಯಗೊಳಿಸುತ್ತದೆಯೇ? ಹೌದೆಂದರೆ ಯಾವ ನಿಯಮ, ಯಾವ ಕೈಪಿಡಿಯ ಯಾವ ಮಿತಿಯ ಪ್ರಕಾರ ಎಂದು ಕೇಳುವುದು ಅನುಚಿತವಲ್ಲ. ಲೈಕಮಿಂಗ್ ಹೇಳುವ 2000 ಗಂಟೆ ಅಥವಾ 12 ವರ್ಷದ ಓವರ್‌ಹಾಲ್ (ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿಸುವ) ಅವಧಿ ದಾಟಿತೆಂಬುದಷ್ಟೇ ಖಾಸಗಿ ಬಳಕೆಯ ಎಂಜಿನ್ನನ್ನು ಅಯೋಗ್ಯಗೊಳಿಸುವುದಿಲ್ಲ. ಆದರೆ ಸೀಟಿನ ಹಳಿ, ಮಫ್ಲರ್, ಕೇಬಲ್, ಬ್ರೇಕ್ ಇವುಗಳಲ್ಲಿ ಚೌಕಾಸಿ ಬೇಡ.

7. ಸಹಿಯ ಮಾತುಗಳನ್ನು ಓದಿ

ವಿಮಾನ ಯೋಗ್ಯವೆಂದು ಕಂಡರೆ ಐಎ ತಪಾಸಣೆಯ ಬಗೆ, ದಿನಾಂಕ, ವಿಮಾನದ ಒಟ್ಟು ಗಂಟೆಗಳು, ಸಹಿ ಮತ್ತು ಪ್ರಮಾಣಪತ್ರದ ಸಂಖ್ಯೆ ಬರೆದು ಸೇವೆಗೆ ಮರಳಿಸುತ್ತಾರೆ. ದುರಸ್ತಿಯ ಬಗ್ಗೆ ನಿಮ್ಮಿಬ್ಬರಲ್ಲಿ ಒಮ್ಮತ ಬರದಿದ್ದರೆ ಏನು ಗತಿ ಎಂದು ಅನೇಕರು ಹೆದರುತ್ತಾರೆ. ಅದಕ್ಕೂ ನಿಯಮದಲ್ಲಿ ದಾರಿಯಿದೆ. ಐಎ ತಪಾಸಣೆ ಮುಗಿದಿದೆ ಎಂದೂ, ದೋಷಗಳ ಪಟ್ಟಿಯನ್ನು ಮಾಲೀಕರಿಗೆ ಕೊಡಲಾಗಿದೆ ಎಂದೂ ಲಾಗ್‌ಬುಕ್‌ನಲ್ಲಿ ಬರೆದು, ಸಹಿ ಹಾಕಿದ ಪಟ್ಟಿಯನ್ನು ನಿಮಗೆ ಕೊಡುತ್ತಾರೆ. ನೀವು ಬೇರೊಬ್ಬ ಎ ಅಂಡ್ ಪಿ ಮೆಕ್ಯಾನಿಕ್‌ನಿಂದ ಆ ದೋಷಗಳನ್ನು ಸರಿಪಡಿಸಿಕೊಂಡರೆ ವಿಮಾನ ಸೇವೆಗೆ ಮರಳುತ್ತದೆ. ಮತ್ತೊಂದು ಆನ್ಯುಯಲ್ ಬೇಕಿಲ್ಲ, ಮುಂದಿನ ಅವಧಿಯನ್ನು ಮೊದಲಿನ ತಪಾಸಣೆಯ ದಿನಾಂಕದಿಂದಲೇ ಎಣಿಸುತ್ತಾರೆ. ಅಲ್ಲಿಯ ತನಕ ಫೆರಿ ಪರ್ಮಿಟ್ ಇಲ್ಲದೆ ವಿಮಾನವನ್ನು ಹಾರಿಸುವಂತಿಲ್ಲ.

8. ಮೊದಲ ಹಾರಾಟ

ತಪಾಸಣೆಯಿಂದ ಬಂದ ವಿಮಾನವನ್ನು ವರ್ಷದ ಅತ್ಯಂತ ಅನುಮಾನಾಸ್ಪದ ವಿಮಾನವೆಂದು ಭಾವಿಸಿ, ಏಕೆಂದರೆ ಅದರ ನೂರಾರು ಭಾಗಗಳನ್ನು ಈಗಷ್ಟೇ ಯಾರೋ ಬಿಚ್ಚಿ ಕೂಡಿಸಿದ್ದಾರೆ. ನಿಯಂತ್ರಣ ಚಕ್ರವನ್ನು ಎಡಕ್ಕೆ ತಿರುಗಿಸಿದಾಗ ಎಡ ರೆಕ್ಕೆಯ ಹಿಂದಂಚಿನಲ್ಲಿ ಆಡುವ ಫಲಕವಾದ ಏಲರಾನ್ ಮೇಲೇಳುವುದನ್ನು ಕಣ್ಣಿನಿಂದ ನೋಡಿ. ಸಲೀಸಾಗಿ ಆಡುತ್ತದೆ ಎಂಬುದು ಸರಿಯಾದ ದಿಕ್ಕಿಗೆ ಆಡುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಸೀಟು ಹಳಿಯಲ್ಲಿ ಕಚ್ಚಿಕೊಂಡಿದೆಯೇ, ಆಯಿಲ್ ಮುಚ್ಚಳ ಬಿಗಿಯಾಗಿದೆಯೇ, ತೆಗೆದ ಫಲಕಗಳೆಲ್ಲ ಮರಳಿ ಕೂತಿವೆಯೇ ಎಂದು ನೋಡಿ, ಕೆಲವು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಕೌಲಿಂಗ್ ತೆರೆದು ಸೋರಿಕೆ ಹುಡುಕಿ. ಆಮೇಲೆ ಹಗಲಿನಲ್ಲಿ, ತಿಳಿ ಹವೆಯಲ್ಲಿ, ಒಬ್ಬರೇ, ನಿಲ್ದಾಣದ ಮೇಲೆಯೇ ಸುತ್ತಿ ಇಳಿಯಿರಿ. ಹಾರಾಟದ ಗುಣವನ್ನೇ ಬದಲಿಸಬಹುದಾದ ದುರಸ್ತಿ ನಡೆದಿದ್ದರೆ, ಪ್ರಯಾಣಿಕರನ್ನು ಕೂರಿಸುವ ಮುನ್ನ ಇಂಥ ಹಾರಾಟ ನಿಯಮದ ಪ್ರಕಾರವೂ ಕಡ್ಡಾಯ.

9. ಆನ್ಯುಯಲ್‌ನೊಳಗೆ ಸೇರದ ದಿನಾಂಕಗಳು

ರೇಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನ ಪರೀಕ್ಷೆ 24 ಕ್ಯಾಲೆಂಡರ್ ತಿಂಗಳಿಗೊಮ್ಮೆ ಆಗಬೇಕು. ಉಪಕರಣಗಳನ್ನೇ ನಂಬಿ ಮೋಡದೊಳಗೆ ಹಾರುವವರಿಗೆ ಎತ್ತರ ತೋರಿಸುವ ಆಲ್ಟಿಮೀಟರ್ ಮತ್ತು ಅದಕ್ಕೆ ಹೊರಗಿನ ಗಾಳಿಯ ಒತ್ತಡ ತಲುಪಿಸುವ ಸ್ಟ್ಯಾಟಿಕ್ ವ್ಯವಸ್ಥೆಯ ಪರೀಕ್ಷೆಗೂ ಅಷ್ಟೇ ಅವಧಿ. ಇವನ್ನು ಹೆಚ್ಚಾಗಿ ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ಅಂಗಡಿಗಳು ಮಾಡುತ್ತವೆ, ನಿಮ್ಮ ಐಎ ನೆನಪಿಸದೆ ಇರಬಹುದು. ಅಪಘಾತವಾದಾಗ ತಾನಾಗಿ ಸಂಕೇತ ಕಳಿಸುವ ಇಎಲ್‌ಟಿಯ ಪರೀಕ್ಷೆ 12 ತಿಂಗಳಿಗೊಮ್ಮೆ. ಅದರ ಬ್ಯಾಟರಿಯನ್ನು ಒಟ್ಟು ಒಂದು ಗಂಟೆ ಬಳಕೆಯಾದ ಮೇಲೆ ಅಥವಾ ಅರ್ಧ ಆಯುಷ್ಯ ಕಳೆದ ಮೇಲೆ ಬದಲಿಸಬೇಕು. 406 ಮೆಗಾಹರ್ಟ್ಸ್ ಇಎಲ್‌ಟಿ ಆಗಿದ್ದರೆ ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತವಾದ ಎನ್‌ಓಎಎಯಲ್ಲಿ ನಿಮ್ಮ ಹೆಸರಿಗೇ ನೋಂದಾಯಿಸಿ, ಎರಡು ವರ್ಷಕ್ಕೊಮ್ಮೆ ನವೀಕರಿಸಿ. ಕೊಂಡ ವಿಮಾನದಲ್ಲಿ ಹಳೆಯ ಮಾಲೀಕರ ದೂರವಾಣಿ ಸಂಖ್ಯೆಯೇ ಉಳಿದಿದ್ದರೆ, ಸಂಕೇತ ಹೊರಟಾಗ ರಕ್ಷಣಾ ತಂಡದವರು ಕರೆಮಾಡುವುದು ಅವರಿಗೆ.